ಕರಡಿಗೆ ಕಥೆ ಹೆಣೆದ ಗೀಜಗ

ಕಾಡಿನಲ್ಲಿ ಕರಡಿ ಸಿನಿಮಾ ತೆಗೆಯುತ್ತಿತ್ತು. ಅದಕ್ಕೆ ಚಿತ್ರಕಥೆ ಕೊಡಬೇಕೆಂಬುದು ಗೀಜಗ ಹಕ್ಕಿಯ ಹಟ. ಅಲ್ಲಿ ಕಾಗದವಿರಲಿಲ್ಲ, ಹುಲ್ಲಿನ ಎಳೆಯಲ್ಲಿ ದೃಶ್ಯಕ್ಕೊಂದು ಗಂಟು ಹಾಕಿ, ಮುಗಿದ ಕಥೆಯನ್ನು ಜಾಲಿಯ ಕೊಂಬೆಗೆ ತೂಗುಬಿಡುವುದು ವಾಡಿಕೆ.

ಮೊದಲ ಕಥೆಯನ್ನು ಅರ್ಧ ಕೇಳಿ ಕರಡಿ ಆಕಳಿಸಿತು. "ಇದರಲ್ಲಿ ಜೇನೇ ಇಲ್ಲವಲ್ಲೋ!"

ಮರುವರ್ಷ ಗೀಜಗ ಜೇನು ಸುರಿಯುವ ಕಥೆ ತಂದಿತು. "ಬರೀ ಜೇನಾಯಿತು, ಹೊಡೆದಾಟ ಎಲ್ಲಿ?" ಹೊಡೆದಾಟ ಸೇರಿಸಿದರೆ ಅಳು ಬರಲಿಲ್ಲ ಎಂದಿತು, ಅಳಿಸಿದರೆ ನಗು ಎಲ್ಲಿ ಎಂದಿತು. "ಈ ಕಸುಬು ಸಾಕಪ್ಪಾ ಸಾಕು" ಎಂದು ಗೀಜಗ ಪ್ರತಿ ಸಲವೂ ಗೊಣಗುತ್ತಿತ್ತು. ಬೆಳಗಾದರೆ ಕೊಕ್ಕಿನಲ್ಲಿ ಹೊಸ ಎಳೆ ಇರುತ್ತಿತ್ತು. ವರ್ಷಗಳು ಉರುಳಿ, ಬೇಡವಾದ ಕಥೆಗಳ ಭಾರಕ್ಕೆ ಕೊಂಬೆಯೇ ಬಾಗಿತು.

ಒಂದು ದಿನ ಕರಡಿ ಆ ಕೊಂಬೆಯಿಂದ ತೀರಾ ಹಳೆಯದೊಂದನ್ನು ಕಿತ್ತು, ಕೊನೆಯ ಗಂಟಿನವರೆಗೂ ಓದಿ, ಗೀಜಗದ ಕಡೆ ತಿರುಗಿತು. "ಕಥೆ ಅಂದರೆ ಇದು ಕಣೋ! ಇದನ್ನು ಹೆಣೆದವನ ಪಾದ ತೊಳೆದು ನೀರು ಕುಡಿ. ಹೋಗು, ಅವನನ್ನು ಕರೆದುಕೊಂಡು ಬಾ."

ಅದು ಗೀಜಗದ ಮೊದಲ ಕಥೆ. ಹಕ್ಕಿಗೆ ಮೈಯೆಲ್ಲ ಉರಿದುಹೋಯಿತು. ಮರಕ್ಕೊಂದು ಸುತ್ತು ಹಾಕಿ, ಬಂದು ಅದೇ ಜಾಗದಲ್ಲಿ ಕೂತಿತು. "ಬಂದಿದ್ದೇನೆ."

ಕರಡಿ ಧಡಕ್ಕನೆ ಎದ್ದು ಕೈಮುಗಿಯಿತು. "ಬನ್ನಿ, ಬನ್ನಿ! ಇಷ್ಟು ವರ್ಷ ಎಲ್ಲಿದ್ದಿರಿ ತಾವು? ನಮ್ಮ ಮುಂದಿನ ಸಿನಿಮಾ ಇದೇ. ಒಂದು ಗಂಟನ್ನೂ ಮುಟ್ಟುವುದಿಲ್ಲ."

"ಇಲ್ಲೇ ಇದ್ದೆ ಸ್ವಾಮಿ."

"ಸಂತೋಷ. ನಡುವೆ ಒಂಚೂರು ಜೇನು ಮಾತ್ರ..."

ಗೀಜಗ ಹಣೆ ಹಣೆ ಚಚ್ಚಿಕೊಂಡಿತು. ಆಮೇಲೆ ಹುಲ್ಲು ತರಲು ಹಾರಿತು.