ಹಾಲಯ್ಯ ಗುರುಗಳ ಕೆಮ್ಮು

ನಾಗಲಿಂಗ ಓದಲು ಕೂತನೆಂದರೆ ಪುಸ್ತಕಕ್ಕೇ ಸುಸ್ತಾಗುತ್ತಿತ್ತು. ವರದಾ ಹೊಳೆಯ ದಂಡೆಯ ಆ ಆಶ್ರಮದಲ್ಲಿ ಅವನಂತೆ ಓದುವ ಶಿಷ್ಯ ಇನ್ನೊಬ್ಬನಿರಲಿಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ.

ಅವನ ಗುರುಗಳು ಹಾಲಯ್ಯನವರು. ಹೊಟ್ಟೆಯ ಉರಿ ಅವರ ಹಳೆಯ ನೆಂಟ. ಮೆಣಸಿನಕಾಯಿ ಮುಟ್ಟದೆ, ಮೊಸರನ್ನ ಉಂಡುಕೊಂಡು ಇದ್ದವರು. ಆ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹತ್ತಿಕೊಂಡಿತು. ಎಂಥ ಕೆಮ್ಮು ಅಂತೀರಿ, ಆಚೆ ದಂಡೆಯ ಕೊಕ್ಕರೆಗಳು ಗಂಟುಮೂಟೆ ಕಟ್ಟಿಕೊಂಡು ಬೇರೆ ಹೊಳೆ ಹುಡುಕಿ ಹೊರಟುಹೋದವು.

ನಾಗಲಿಂಗನಿಗೆ ಮಾತ್ರ ನಗು ಬರಲಿಲ್ಲ. ಗುರುಗಳು ದಿನೇ ದಿನೇ ಸೊರಗುತ್ತಿದ್ದರು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಪಂಡಿತರು ಬರೆದ ಸಂಶೋಧನಾ ಪ್ರಬಂಧವೊಂದು ಅವನ ಕೈಗೆ ಬಂತು. ಹೊಳೆದಂಡೆಯ ಒಂದು ಬೇರಿನ ಕಷಾಯ ಕೆಮ್ಮಿಗೆ ಆಗುತ್ತದೆಯೇ ಎಂದು ಗರಡಿಮನೆಯ ಹುಡುಗರಿಗೆ ಕುಡಿಸಿ ನೋಡಿದ್ದರು. ನಾಗಲಿಂಗ ಅದನ್ನು ಒಂದೇ ಉಸಿರಿಗೆ ಓದಿದ. ಬೇರು ಕಿತ್ತು ತಂದ, ಕುದಿಸಿದ, ಹಿತ್ತಾಳೆ ಲೋಟಕ್ಕೆ ಸುರಿದು ಗುರುಗಳ ಮುಂದಿಟ್ಟ.

ಅಂಗಳದಲ್ಲಿ ಕೆಮ್ಮುತ್ತ ಊರ ಜನ ಕೂತಿದ್ದರು. ಗುರುಗಳು ಕುಡಿದರೆ ಅವರೂ ಕುಡಿಯುವವರು.

"ಪ್ರಬಂಧ ಏನನ್ನುತ್ತದೆ ತಮ್ಮಾ?" ಎಂದು ಗುರುಗಳು ಕೇಳಿದರು.

ನಾಗಲಿಂಗ ಕಣ್ಣು ಮುಚ್ಚಿ ಒಪ್ಪಿಸಿದ. "ಕಷಾಯವನ್ನು ಸಂಪೂರ್ಣ ಅವಧಿಯವರೆಗೆ ಸೇವಿಸಿದ ಸಮಸ್ತ ವ್ಯಕ್ತಿಗಳಲ್ಲಿ ಕೆಮ್ಮಿನ ಗಣನೀಯ ಉಪಶಮನವು ಕಂಡುಬಂದಿರುತ್ತದೆ."

"ಇದನ್ನು ಹೇಳಿದವರು ಯಾರು?"

"ಪಂಡಿತರು."

"ಅವರು ನನ್ನ ಕೆಮ್ಮು ಕೇಳಿದ್ದಾರಾ?"

"ಇಲ್ಲ ಗುರುಗಳೇ."

"ನೀನು ಕೇಳಿದ್ದೀಯ. ನೀನು ಹೇಳು."

ನಾಗಲಿಂಗ ಅದೇ ವಾಕ್ಯವನ್ನು ಇನ್ನಷ್ಟು ಜೋರಾಗಿ ಹೇಳಿದ.

ಗುರುಗಳು ಲೋಟವನ್ನು ತುಟಿಯವರೆಗೆ ಎತ್ತಿದರು, ಕೆಮ್ಮಿದರು, ಕೆಳಗಿಟ್ಟರು. "ಆರಿಹೋಗಿದೆ. ಬಿಸಿ ಮಾಡಿಕೊಂಡು ಬಾ. ಅಷ್ಟರೊಳಗೆ ಇನ್ನೊಮ್ಮೆ ಓದು. ಕುಡಿಸುವವನು ನೀನು ಅನ್ನುವುದು ನೆನಪಿರಲಿ."

ಒಲೆಯ ಮುಂದೆ ಕೂತು ಅವನು, ಹುಟ್ಟಿದ ಮೇಲೆ ಮೊದಲ ಸಲ, ನಿಧಾನವಾಗಿ ಓದಿದ.

ಕಷಾಯ ಕುಡಿಯದೇ ಇದ್ದವರ ಕೆಮ್ಮು ಏನಾಯಿತು? ಆ ಮಾತೇ ಇರಲಿಲ್ಲ. ಸಂಪೂರ್ಣ ಅವಧಿಯವರೆಗೆ ಸೇವಿಸಿದವರು ಅಂದರೆ? ನಡುವೆ ಬಿಟ್ಟವರೂ ಇದ್ದರೇನು? ಹುಡುಕಿದ. ಕೊನೆಯ ಪುಟದ ಅಡಿಯಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ ಸಿಕ್ಕಿತು: ಹೊಟ್ಟೆಯ ಉರಿ ತಾಳದೆ ಅರ್ಧಕ್ಕೆ ಬಿಟ್ಟವರನ್ನು ಲೆಕ್ಕಕ್ಕೆ ಹಿಡಿದಿಲ್ಲ.

 ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಪ್ರಬಂಧ ಹಿಡಿದು ಓಡಿ ಬಂದ.

"ಕುಡಿಯಬೇಡಿ ಗುರುಗಳೇ. ಇದೆಲ್ಲ ಬರೀ ಬೊಗಳೆ. ಈ ಪ್ರಬಂಧವನ್ನು ಒಲೆಗೆ ಹಾಕುತ್ತೇನೆ."

"ಹಾಗಾದರೆ ಯಾರ ಕೆಮ್ಮೂ ಹೋಗಲಿಲ್ಲವಾ?"

"ಹೋಯಿತು. ಕೆಲವರದ್ದು."

"ಅದನ್ನೂ ಒಲೆಗೆ ಹಾಕುತ್ತೀಯಾ?"

ನಾಗಲಿಂಗ ಪ್ರಬಂಧವನ್ನು ಚಾಪೆಯ ಮೇಲಿಟ್ಟ. ಲೋಟ ಸುಡುತ್ತಿತ್ತು, ಈ ಕೈಯಿಂದ ಆ ಕೈಗೆ ಬದಲಿಸಿದ.

ಗುರುಗಳು ಕೈ ಚಾಚಿದರು. "ಲೋಟ ಕೊಡು ಇಲ್ಲಿ."

"ಕೊಡುವುದಿಲ್ಲ."

"ಯಾಕೋ?"

"ಯಾರ ಹೊಟ್ಟೆ ತಡೆದುಕೊಂಡಿತೋ ಅವರು ಕೊನೆಯವರೆಗೂ ಕುಡಿದರು, ಅವರ ಕೆಮ್ಮು ಹೋಯಿತು. ಕಷಾಯದಿಂದ ಹೋಯಿತೋ, ತಾನಾಗಿ ಹೋಯಿತೋ ಗೊತ್ತಿಲ್ಲ. ಕುಡಿಯದವರನ್ನು ಯಾರೂ ವಿಚಾರಿಸಿಲ್ಲ. ಹೊಟ್ಟೆ ಉರಿದವರು ಎದ್ದು ಹೋದರು, ಅವರನ್ನು ಯಾರೂ ಎಣಿಸಿಲ್ಲ. ಕುಡಿದವರಾದರೂ ಎಂಥವರು, ಕಲ್ಲು ಕೊಟ್ಟರೆ ಅರಗಿಸಿಕೊಂಡು ಇನ್ನೊಂದು ಕೇಳುವ ಪೈಲ್ವಾನ್ ಹುಡುಗರು. ನಿಮ್ಮ ಹೊಟ್ಟೆಗೆ ನಾನು ಇದನ್ನು ಹಾಕುವುದಿಲ್ಲ."

"ಕೊನೆಯ ಮಾತು ಪ್ರಬಂಧದಲ್ಲಿದೆಯಾ?"

"ಇಲ್ಲ. ಅದು ನನ್ನದು."

ಗುರುಗಳು ಪಕ್ಕದ ಚೊಂಬಿನಿಂದ ಒಂದು ಗುಟುಕು ನೀರು ಕುಡಿದು ಅಂಗಳದ ಕಡೆ ನೋಡಿದರು. "ಹೋಗು, ಅವರಿಗೂ ಹೇಳು."

ನಾಗಲಿಂಗ ಲೋಟವನ್ನು ಕೆಳಗಿಟ್ಟು, ಪ್ರಬಂಧ ಎತ್ತಿಕೊಂಡು ಹೊರಟ.

"ಅದು ಇಲ್ಲೇ ಇರಲಿ," ಅಂದರು ಗುರುಗಳು. "ಲೋಟ ಹಿಡಿದುಕೊಂಡು ಹೇಳು. ಕುಡಿಸುವವನು ಯಾರು ಅನ್ನುವುದು ಮರೆಯದಂತೆ ಕೈಗೆ ಬಿಸಿ ತಾಗುತ್ತಿರಲಿ."