ಸಾಹುಕಾರರ ಹೆಸರಿನ ಕಂಬಿ

ನಾಗರಪಂಚಮಿಯ ಮರುದಿನ ಶಾಲೆಯ ಗೋಡೆ ಹಾರಿ ಊರು ಬಿಟ್ಟ ಹುಡುಗನೊಬ್ಬ ಗಾರೆ ಕೆಲಸ ಕಲಿತು, ವರ್ಷಗಟ್ಟಲೆ ಅಲೆದು ಗದಗಿನ ಕಡೆಯ ಒಂದು ಹಿರಿಯರ ಭವನಕ್ಕೆ ಬಂದ. ಭವನಕ್ಕೂ ವಯಸ್ಸಾಗಿತ್ತು. ಮೆಟ್ಟಿಲು ಕಡಿದಾಗಿತ್ತು, ಹಿಡಿಯಲು ಏನೂ ಇರಲಿಲ್ಲ. ಮಂಡಿನೋವಿನ ಫಕೀರವ್ವ ಹತ್ತಲಾರದೆ ಬೀದಿಯಲ್ಲೇ ಕೂತು ಒಳಗಿನ ಭಜನೆಗೆ ತಾಳ ಹಾಕುತ್ತಿದ್ದಳು.

ರಿಪೇರಿ ಮಾಡಿಸುವವರು ಅಧ್ಯಕ್ಷ ಅಂದಾನೆಪ್ಪ ಸಾಹುಕಾರರು. "ಬಾಗಲಿಗೆ ದೊಡ್ಡ ಕಮಾನು ಕಟ್ಟು. ಮ್ಯಾಲೆ ನನ್ನ ಹೆಸರು ಕೆತ್ತು. ಬ್ಯಾರೆ ಏನೂ ಬ್ಯಾಡ," ಅಂದರು.

"ಕಟ್ಟೂಣ್ರೀ ಸಾವ್ಕಾರ್ರ," ಅಂದ ಗಾರೆಯವ. "ಆದ್ರ ಓದೋರ್ಯಾರು? ಇಲ್ಲಿ ಎಲ್ಲಾರಿಗೂ ಕುತ್ತಿಗಿ ನೋವು. ತಲಿ ಎತ್ತಿದ್ರ ಚಕ್ಕರ್ ಬರತೈತಿ."

ಸಾಹುಕಾರರ ಮುಖ ಬಾಡಿತು. "ಮತ್ತೇನ್ ಮಾಡೂದು?"

"ಮೆಟ್ಟಲಾ ತಗದು ಇಳಿಜಾರು ದಾರಿ ಮಾಡೂಣ್ರೀ. ಎರಡೂ ಕಡೆ ಕಂಬಿ, ಗೇಣಿಗೊಂದು ನಿಮ್ಮ ಹೆಸರು. ಒಳಗ ಬರೋರೆಲ್ಲ ನಿಮ್ಮನ್ನ ಹಿಡಕೊಂಡ ಬರಬೇಕು."

ಸಾಹುಕಾರರು ಮೀಸೆ ಸವರಿಕೊಂಡರು.

"ಪಾಯಖಾನಿಗೂ ಕಂಬಿ ಬೇಕ್ರೀ," ಅಂದ ಮೆಲ್ಲಗೆ.

"ಅಲ್ಲೂ ನನ್ನ ಹೆಸರಾ?"

"ಅವಸರದಾಗ ಹಿಡದ ಹೆಸರು ಯಾರೂ ಮರಿಯೂದಿಲ್ರೀ."

ಸಾಹುಕಾರರು ಮೀಸೆಯಿಂದ ಕೈ ತೆಗೆದರು. "ಅಲ್ಲಿ ನಮ್ಮ ಬೀಗರ ಹೆಸರು ಹಾಕು. ದೊಡ್ಡ ಅಕ್ಷರದಾಗ."

ಕೆಲಸ ಮುಗಿಯಿತು. ಫಕೀರವ್ವ ಕಂಬಿ ಹಿಡಿದು ನಡೆದು, ಭಜನೆಯವರ ಮುಂದೆಯೇ ಹೋಗಿ ಕೂತಳು.

ಗಾರೆಯವ ಗಾರೆ ಮೆತ್ತುವ ಕರಣಿ ತೊಳೆದು ಚೀಲಕ್ಕೆ ಹಾಕುತ್ತಿದ್ದಾಗ ಸಾಹುಕಾರರು ಬಂದರು. "ಏನೋ ಇದು, ಎಲ್ಲಾರೂ ಕಂಬಿ ಹಿಡದು ನನ್ನ ಹೆಸರು ಮುಚ್ಚತಾರಲ್ಲೋ?"

"ಮುಚ್ಚಾಕತ್ತಿಲ್ರೀ. ಜೋಪಾನ ಮಾಡಾಕತ್ತಾರ," ಅನ್ನುತ್ತ ಅವನು ಚೀಲದ ಬಾಯಿ ಬಿಗಿದು ಹೆಗಲಿಗೇರಿಸಿದ.