‘ಲಾಗ್’ ಎಂಬ ಪದದ ಅರ್ಥ

ತುಂಗಭದ್ರೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಮೂವತ್ತು ವರ್ಷ ದೊಡ್ಡ ದೊಡ್ಡ ಸಂಸ್ಥೆಗಳ ಕಂಪ್ಯೂಟರುಗಳನ್ನು ಕಳ್ಳರಿಂದ ಕಾದು, ಕೊನೆಗೆ ಎಲ್ಲ ಬಿಟ್ಟು ಹೊಳೆಯ ಬದಿಗೆ ಬಂದವರು.

ಶಿಷ್ಯರು ಆರು ಮಂದಿ. ಗುರುಗಳು ಅವರಿಗೆ ಕೊಟ್ಟ ಕೆಲಸ ಒಂದೇ. ಕಂಪ್ಯೂಟರಿನ ಪದಗಳಿಗೆ ಅರ್ಥ ಬರೆಯಬೇಕು. ಕಚೇರಿಯ ಗುಮಾಸ್ತರಿಗೂ ಆಸ್ಪತ್ರೆಯ ನರ್ಸುಗಳಿಗೂ ತಿಳಿಯುವ ಕನ್ನಡದಲ್ಲಿ ಬರೆಯಬೇಕು.

ಆರು ಮಂದಿಯಲ್ಲಿ ಪಂಪಾಪತಿಯ ಬುದ್ಧಿ ಚುರುಕು. ಉಳಿದವರು ಒಂದು ಪುಟ ಬರೆಯುವ ಕಡೆ ಅವನು ಒಂದು ಸಾಲು ಬರೆಯುತ್ತಿದ್ದ.

“ಪಾಸ್‌ವರ್ಡ್ ಎಂದರೆ?” ಎಂದು ಗುರುಗಳು ಕೇಳಿದರು.

“ನಾನೇ ನಾನು ಎಂದು ಯಂತ್ರವನ್ನು ನಂಬಿಸುವ ಗುಟ್ಟಿನ ಮಾತು.”

“ಬ್ಯಾಕಪ್?”

“ಕಳೆದುಹೋಗುವ ಮೊದಲೇ ಮಾಡಿಟ್ಟ ಪ್ರತಿ.”

“ಲಾಗ್?”

“ಯಾರು, ಯಾವಾಗ, ಏನು ಮಾಡಿದರು ಎಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ.”

ಮೊದಲೆರಡಕ್ಕೆ ಗುರುಗಳು ತಲೆಯಾಡಿಸಿದರು. ಮೂರನೆಯದಕ್ಕೆ, “ಇನ್ನೊಮ್ಮೆ ನೋಡು” ಎಂದರು.

ಪಂಪಾಪತಿ ನೋಡಿದ. ತೆಗೆಯಬೇಕಾದ ಪದ ಒಂದೂ ಕಾಣಲಿಲ್ಲ. ಸಾಲನ್ನು ಹಾಗೇ ಬಿಟ್ಟ.

ಆ ಬೇಸಿಗೆಯಲ್ಲಿ ಊರಿನ ಆಸ್ಪತ್ರೆಯಿಂದ ಗುರುಗಳಿಗೆ ಕರೆ ಬಂತು. ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹುಡುಗಿಯೊಬ್ಬಳ ಕಾಯಿಲೆಯ ವಿವರ ಕಂಪ್ಯೂಟರಿನಿಂದ ಹೊರಬಿದ್ದು, ಗಂಡಿನ ಕಡೆಯವರ ಫೋನಿಗೆ ತಲುಪಿತ್ತು. ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ವಿಚಾರಣೆಗೆ ತಿಳಿದವರೊಬ್ಬರು ಬೇಕಾಗಿದ್ದರು.

ಗುರುಗಳಿಗೆ ಜ್ವರ. ಪಂಪಾಪತಿ ಹೋದ.

ಸಂಜೆ ಹಿಂತಿರುಗಿದಾಗ ಅವನ ಮುಖದಲ್ಲಿ ಗೆಲುವಿತ್ತು.

“ಏನಾಯಿತು?” ಎಂದರು ಗುರುಗಳು.

“ತೀರ್ಮಾನವಾಯಿತು ಗುರುಗಳೇ. ನೀಲಗಂಗಮ್ಮ ಎಂಬ ನರ್ಸು. ಹತ್ತೊಂಬತ್ತು ವರ್ಷದ ಸರ್ವಿಸ್ ಅಂತೆ. ಹುಡುಗಿಯ ವಿವರ ತೆರೆದದ್ದು ಅವರ ಹೆಸರಿನಲ್ಲೇ ಲಾಗ್‌ನಲ್ಲಿತ್ತು. ಕೆಲಸದಿಂದ ತೆಗೆದರು.”

“ಆಕೆ ಏನೆಂದರು?”

“ನಾನಲ್ಲ ಎಂದರು. ಎಲ್ಲರೂ ಹಾಗೇ ಹೇಳುತ್ತಾರಲ್ಲ.”

“ನೀನು ಏನೆಂದೆ?”

“ಲಾಗ್ ಎಂದರೇನು ಎಂದು ವಿಚಾರಣಾ ಸಮಿತಿಯ ಅಧ್ಯಕ್ಷರು ಕೇಳಿದರು. ನಾನು ಬರೆದ ಸಾಲನ್ನೇ ಹೇಳಿದೆ. ಇಷ್ಟು ಸ್ಪಷ್ಟವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ ಎಂದರು. ಆದೇಶದಲ್ಲೂ ಅದನ್ನೇ ಬರೆಸಿದರು.”

ಗುರುಗಳು ಎದ್ದು ಕುಳಿತರು.

“ಆಕೆಯ ವಾರ್ಡಿನಲ್ಲಿ ಎಷ್ಟು ಕಂಪ್ಯೂಟರ್ ಇವೆ?”

“ನೋಡಲಿಲ್ಲ.”

“ಅಲ್ಲಿ ಕೆಲಸ ಮಾಡುವವರು ಎಷ್ಟು ಜನ?”

“ಕೇಳಲಿಲ್ಲ.”

“ನಿನ್ನ ಫೋನು ಕೊಡು. ಒಂದು ಮಾತು ಬರೆಯುವುದಿದೆ.”

ಪಂಪಾಪತಿ ಬೆರಳೊತ್ತಿ ಫೋನು ತೆರೆದು ಕೊಟ್ಟ. ಗುರುಗಳು ಒಂದೊಂದೇ ಅಕ್ಷರ ಹುಡುಕಿ ಏನೋ ಬರೆದು ಹಿಂದಕ್ಕೆ ಕೊಟ್ಟರು. ಏನು ಬರೆದರು ಎಂದು ಅವನು ನೋಡಲಿಲ್ಲ.

ಮರುದಿನ ಬೆಳಗ್ಗೆ ಹೊಳೆಯಲ್ಲಿ ಅವನೊಡನೆ ಯಾರೂ ಮಾತಾಡಲಿಲ್ಲ. ಊಟದ ಸಾಲಿನಲ್ಲಿ ಅವನಿಗೆ ಯಾರೂ ಜಾಗ ಬಿಡಲಿಲ್ಲ.

ಶಿಷ್ಯರಲ್ಲಿ ಹಿರಿಯಳಾದ ಮಹಾಂತಮ್ಮ ತನ್ನ ಫೋನನ್ನು ಅವನ ಮುಂದೆ ಹಿಡಿದಳು. ಉಳಿದ ಐದು ಮಂದಿಗೂ ಅವನ ಹೆಸರಿನಿಂದ ಒಂದು ಸಂದೇಶ ಹೋಗಿತ್ತು: ‘ಈ ಮುದುಕನ ಹತ್ತಿರ ಇನ್ನು ಕಲಿಯುವಂಥದ್ದು ಏನೂ ಉಳಿದಿಲ್ಲ.’

“ಜ್ವರ ಬಂದು ಮಲಗಿದವರ ಬಗ್ಗೆ ಹೀಗೆ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು ತಮ್ಮಾ?”

“ನಾನು ಬರೆದದ್ದಲ್ಲ ಅಕ್ಕಾ.”

“ನಂಬರು ನಿನ್ನದು. ಹೆಸರು ನಿನ್ನದು.”

“ಗುರುಗಳೇ ಬರೆದರು.”

ಯಾರೋ ನಕ್ಕರು. ಮಹಾಂತಮ್ಮ ನಗಲಿಲ್ಲ.

“ಅದನ್ನೂ ಅವರ ತಲೆಗೇ ಕಟ್ಟುತ್ತೀಯಾ?”

ಪಂಪಾಪತಿ ಗುರುಗಳ ಕೋಣೆಗೆ ಓಡಿದ.

“ಬಂದು ಒಂದು ಮಾತು ಹೇಳಿ ಗುರುಗಳೇ. ನಾನಲ್ಲ ಎಂದರೆ ಯಾರೂ ನಂಬುತ್ತಿಲ್ಲ.”

ಗುರುಗಳು ಕಂಬಳಿಯೊಳಗಿನಿಂದಲೇ ಹೇಳಿದರು.

“ಎಲ್ಲರೂ ಹಾಗೇ ಹೇಳುತ್ತಾರಲ್ಲ.”

ಪಂಪಾಪತಿ ಬಾಗಿಲಲ್ಲೇ ನಿಂತ. ಅಲ್ಲಿಂದಲೇ ಊರಿನ ಬಸ್ಸು ಹಿಡಿದ.

ಆಸ್ಪತ್ರೆಯ ಆ ವಾರ್ಡಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಪರದೆಯ ಮೂಲೆಯಲ್ಲಿ ರೇಣುಕಾ ಎಂಬ ಹೆಸರಿತ್ತು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದು ಏನೋ ತೆರೆದು ನೋಡಿ ಹೋದರು. ಔಷಧಿ ಅಂಗಡಿಯವನು ಬಂದು ಚೀಟಿ ಮುದ್ರಿಸಿಕೊಂಡು ಹೋದ. ಹೆಸರು ಹಾಗೇ ಇತ್ತು.

“ರೇಣುಕಾ ಯಾರು?” ಎಂದು ಪಂಪಾಪತಿ ಅಲ್ಲಿದ್ದ ನರ್ಸನ್ನು ಕೇಳಿದ.

“ಅವರು ಇವತ್ತು ರಜೆ ಸರ್.”

“ಮತ್ತೆ ಈ ಹೆಸರು?”

“ನಿನ್ನೆ ಅವರು ತೆರೆದದ್ದು. ಒಮ್ಮೆ ಹೊರಗೆ ಬಂದರೆ ಮತ್ತೆ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಲು ಕಾಲು ಗಂಟೆ ಬೇಕು. ಮುಚ್ಚಲೇಬೇಡಿ ಎಂದು ದೊಡ್ಡ ಡಾಕ್ಟರೇ ಹೇಳಿದ್ದಾರೆ. ಎಲ್ಲರೂ ಇದರಲ್ಲೇ ಕೆಲಸ ಮಾಡುತ್ತೇವೆ.”

“ಮೊದಲು ಯಾರ ಹೆಸರಿರುತ್ತಿತ್ತು?”

“ನೀಲಗಂಗಮ್ಮನವರದು. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದವರು ಅವರೇ.”

ಪಂಪಾಪತಿ ಅಧ್ಯಕ್ಷರ ಕೋಣೆಗೆ ಹೋದ.

“ನನ್ನ ಮಾತು ತಪ್ಪಾಗಿತ್ತು ಸರ್. ಯಾರ ಹೆಸರಿನಲ್ಲಿ ತೆರೆಯಿತು ಎಂಬುದಷ್ಟೇ ಲಾಗ್‌ಗೆ ಗೊತ್ತು. ಯಾರ ಕೈ ಎಂಬುದು ಗೊತ್ತಿಲ್ಲ.”

“ಹಾಗಾದರೆ ಯಾರ ಕೈ?”

“ಗೊತ್ತಿಲ್ಲ.”

“ಆಕೆಯದಲ್ಲ ಎಂದು ಬರೆದುಕೊಡುತ್ತೀರಾ?”

“ಅದೂ ಆಗದು. ಆಕೆಯದೇ ಎನ್ನುವುದೂ ಆಗದು.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟವರಂತೆ ಕಾಣುತ್ತಿರಲಿಲ್ಲ.

“ನೋಡಿ, ನೀವು ಈಗ ಹೇಳಿದ್ದನ್ನು ಬರೆಸಿದರೆ, ಒಬ್ಬರ ಹೆಸರಿನಲ್ಲಿ ಎಲ್ಲರೂ ಕೆಲಸ ಮಾಡಲು ಬಿಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ. ನಿನ್ನೆ ನೀವು ಹೇಳಿದ ಸಾಲು ಚೆನ್ನಾಗಿತ್ತು. ಅದೇ ಇರಲಿ. ಚಹಾ ಕುಡಿದು ಹೋಗಿ.”

ಪಂಪಾಪತಿ ಚಹಾ ಕುಡಿಯಲಿಲ್ಲ. ತನ್ನ ತಪ್ಪನ್ನು ಕಾಗದದ ಮೇಲೆ ಬರೆದು, ಸಹಿ ಹಾಕಿ, ಕಚೇರಿಯಲ್ಲಿ ಕೊಟ್ಟ. ಗುಮಾಸ್ತ ಅದರ ಮೇಲೆ ಮೊಹರು ಒತ್ತಿ, ಕಾಗದಗಳ ರಾಶಿಯ ಅಡಿಗೆ ಸೇರಿಸಿದ.

ನೀಲಗಂಗಮ್ಮನ ಮನೆ ಕೇಳಿಕೊಂಡು ಹೋದ. ಆಕೆ ಆಸ್ಪತ್ರೆಗೆ ಉಡುತ್ತಿದ್ದ ಬಿಳಿ ಸೀರೆಗಳನ್ನು ಹರಿದು ಒರೆಸುವ ಬಟ್ಟೆ ಮಾಡುತ್ತ ಜಗಲಿಯ ಮೇಲೆ ಕುಳಿತಿದ್ದರು.

“ವಿಚಾರಣೆಗೆ ಬಂದಿದ್ದವರಲ್ಲವಾ?” ಎಂದರು. “ಚೆನ್ನಾಗಿ ಮಾತಾಡಿದಿರಿ.”

ಅವನು ಎಲ್ಲವನ್ನೂ ಹೇಳಿದ. ತನ್ನ ಸಾಲು, ವಾರ್ಡಿನ ಪರದೆ, ಅಧ್ಯಕ್ಷರ ಮಾತು, ಏನನ್ನೂ ಬಿಡಲಿಲ್ಲ. ಆಕೆ ಸೀರೆ ಹರಿಯುವುದನ್ನು ನಿಲ್ಲಿಸದೆ ಕೇಳಿದರು.

“ಕ್ಷಮಿಸಿ ಅಮ್ಮಾ.”

“ಕೆಲಸ ಹೋಯಿತು, ಬಿಡಿ. ಆ ಹುಡುಗಿ ಇದೇ ಓಣಿಯವಳು ಸರ್. ಎದುರಿನ ನೀಲಿ ಬಾಗಿಲು ಅವರದೇ. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. ಈಗ ನನ್ನನ್ನು ಕಂಡರೆ ಅವಳ ತಾಯಿ ಬಾಗಿಲು ಹಾಕಿಕೊಳ್ಳುತ್ತಾಳೆ.” ಆಕೆ ತಲೆ ಎತ್ತಿದರು. “ನನಗೆ ಹೇಳಿದ್ದನ್ನು ಅಲ್ಲಿ ಹೋಗಿ ಹೇಳುತ್ತೀರಾ?”

ಪಂಪಾಪತಿ ಓಣಿ ದಾಟಿ ಬಾಗಿಲು ತಟ್ಟಿದ. ಹುಡುಗಿಯ ತಾಯಿ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು.

“ಅವಳಲ್ಲದಿದ್ದರೆ ಮತ್ಯಾರು?”

“ಗೊತ್ತಿಲ್ಲ ತಾಯಿ.”

“ಅವಳಲ್ಲ ಎಂದು ಆಣೆ ಮಾಡಿ ಹೇಳಿ.”

ಅವನು ಬಾಯಿ ತೆರೆದ. ಈ ಸಲ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ನಾಲಿಗೆ ಏಳಲಿಲ್ಲ.

“ಆದೇಶದಲ್ಲಿ ಅವಳ ಹೆಸರಿದೆ” ಎಂದಳು ತಾಯಿ. “ನಿನ್ನೆ ಹೇಳಿದವರೂ ನೀವೇ ಅಂತೆ. ನನ್ನ ಮಗಳು ಮನೆಯಿಂದ ಹೊರಗೆ ಬಂದು ಒಂದು ತಿಂಗಳಾಯಿತು. ನನಗೆ ಬೈಯಲು ಒಂದು ಹೆಸರು ಬೇಕು. ಅದನ್ನೂ ಕಿತ್ತುಕೊಳ್ಳಲು ಬಂದಿರಾ?”

ಬಾಗಿಲು ಮುಚ್ಚಿತು.

ಪಂಪಾಪತಿ ತಿರುಗಿದ. ನೀಲಗಂಗಮ್ಮ ಜಗಲಿಯ ಮೇಲೆ ಎದ್ದು ನಿಂತಿದ್ದರು. ಹರಿದ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಹೋದರು.

ಅವನು ಆಶ್ರಮಕ್ಕೆ ಮರಳಿದಾಗ ಮಹಾಂತಮ್ಮ ಎದುರಿಗೆ ಬಂದಳು.

“ಆ ಸಂದೇಶ ತಾವೇ ಬರೆದದ್ದು ಎಂದು ಗುರುಗಳು ಹೇಳಿದರು ತಮ್ಮಾ. ನಾವು ತಪ್ಪು ತಿಳಿದೆವು. ಬಾ, ಊಟಕ್ಕೆ ಕೂತುಕೋ.”

ಎಲ್ಲರೂ ಸರಿದು ಜಾಗ ಬಿಟ್ಟರು. ಅವನ ಪರವಾಗಿ ಒಂದು ಮಾತು ಹೇಳುವವರು ಇದ್ದರು. ಆ ಒಂದು ಮಾತಿನಿಂದ ಅವನ ಮೇಲಿನ ಅಪವಾದ ಕಳೆದುಹೋಗಿತ್ತು.

ಎಲೆ ಎತ್ತಿ, ಪದಕೋಶ ತೆರೆದು ಕುಳಿತ. ಈ ಸಲ ಒಂದು ಸಾಲಿಗೆ ಬಹಳ ಹೊತ್ತು ಹಿಡಿಯಿತು. ಬರೆದದ್ದನ್ನು ಗುರುಗಳ ಬಳಿಗೆ ಒಯ್ದು ಓದಿದ.

“ಲಾಗ್: ಯಾವ ಹೆಸರಿನಲ್ಲಿ, ಯಾವಾಗ, ಏನು ನಡೆಯಿತು ಎಂದು ಕಂಪ್ಯೂಟರ್ ಬರೆದಿಡುವ ದಾಖಲೆ. ಆ ಹೆಸರಿನ ಹಿಂದೆ ಇದ್ದವರು ಯಾರು ಎಂಬುದನ್ನು ಮನುಷ್ಯರೇ ವಿಚಾರಿಸಿ ತಿಳಿಯಬೇಕು.”

“ಸರಿಯಾಗಿದೆ” ಎಂದರು ಗುರುಗಳು.

“ಹಾಗಾದರೆ ಹಳೆಯ ಸಾಲನ್ನು ಹೊಡೆದುಹಾಕಲೇ?”

ಗುರುಗಳು ಅವನನ್ನು ನೋಡಿದರು.

“ಬೇಡ. ನೀಲಗಂಗಮ್ಮ ಇನ್ನೂ ಅದರೊಳಗೇ ಇದ್ದಾರೆ.”